ಗರಡಿಯ ಅರಸು

ಗಂಗಾವತಿಯಿಂದ ಆನೆಗೊಂದಿಗೆ ಹೋಗುವ ದಾರಿಯಲ್ಲಿ ಬತ್ತದ ಗದ್ದೆಗಳ ಹಸುರು ಮುಗಿಯುವ ಮುನ್ನವೇ ಬಂಡೆಗಳ ರಾಜ್ಯ ತೊಡಗುತ್ತದೆ. ಒಂದರ ಮೇಲೊಂದನ್ನು ಯಾರೋ ಹೇರಿಟ್ಟು ಹೋದಂತೆ ನಿಂತಿರುವ ಆ ಕಲ್ಲುಗಳ ನಡುವೆ ನಡೆದವರಿಗೆ, ಕಿಷ್ಕಿಂಧೆಯಿದ್ದುದು ಇಲ್ಲಿಯೇ ಎಂದು ನಮ್ಮ ಹಿರಿಯರು ನಂಬಿದುದು ಸಹಜವೆನಿಸುತ್ತದೆ. ಅಂಜನಾದ್ರಿ ಇಲ್ಲಿದೆ, ಪಂಪಾಸರೋವರ ಇಲ್ಲಿದೆ, ವಾಲಿಯ ಹೆಸರನ್ನು ಹೊತ್ತ ಗವಿಯೂ ಇಲ್ಲಿದೆ. ಅಣ್ಣತಮ್ಮಂದಿರಿಬ್ಬರು ಮುಷ್ಟಿಗೆ ಮುಷ್ಟಿಯೊಡ್ಡಿ ಹೋರಾಡಿದ ಕಾಳಗವನ್ನು ಪುರಾಣ ಈ ನೆಲಕ್ಕೆ ಕಟ್ಟಿದೆ. ಆ ಕಾಳಗದಲ್ಲಿ ಮರದ ಮರೆಯಿಂದ ಬಂದ ಬಾಣವು ಧರ್ಮವೋ ಅಧರ್ಮವೋ ಎಂಬ ಚರ್ಚೆ ನಮ್ಮ ಹಳ್ಳಿಯ ಕಟ್ಟೆಗಳಲ್ಲಿ ಇನ್ನೂ ಮುಗಿದಿಲ್ಲ. ಇಬ್ಬರು ಬರಿಗೈಯಲ್ಲಿ ಕಾದುವಾಗ ಯಾವುದು ನ್ಯಾಯ, ಯಾವುದು ಅನ್ಯಾಯ ಎಂಬ ಪ್ರಶ್ನೆ ಈ ಸೀಮೆಗೆ ಅಷ್ಟು ಹಳೆಯದು.

ಅದೇ ನೆಲದಲ್ಲಿ, ಪುರಾಣದಿಂದಾಚೆಗೆ ಇತಿಹಾಸದ ಬೆಳಕಿನಲ್ಲಿ ಬಾಳಿದ ಇನ್ನೊಬ್ಬ ಮಲ್ಲನಿದ್ದನು. ಅವನನ್ನು ನಾವು ಕನ್ನಡರಾಜ್ಯರಮಾರಮಣನೆಂದು ಬಲ್ಲೆವು. ದಿಗ್ವಿಜಯಿಯೆಂದು, ತೆಲುಗಿನಲ್ಲಿ ಆಮುಕ್ತಮಾಲ್ಯದವನ್ನು ರಚಿಸಿದ ಕವಿಯೆಂದು ಬಲ್ಲೆವು. ಆದರೆ ಶ್ರೀಕೃಷ್ಣದೇವರಾಯನು ದಿನವೂ ನಸುಕಿನಲ್ಲಿ ಮೈಗೆ ಎಣ್ಣೆ ಹಚ್ಚಿಕೊಂಡು ಜಟ್ಟಿಯೊಬ್ಬನೊಡನೆ ಹಿಡಿತಕ್ಕಿಳಿಯುತ್ತಿದ್ದನೆಂಬುದನ್ನು ನಾವು ನೆನೆಯುವುದು ಕಡಿಮೆ. ಸಂಬಳಕ್ಕಾಗಿ ಅಲ್ಲದೆ, ಬಹುಮಾನಕ್ಕಾಗಿ ಅಲ್ಲದೆ, ಕೇವಲ ಸಾಧನೆಯ ಪ್ರೀತಿಯಿಂದ ಮೈಬಲದ ಕಲೆಯನ್ನು ಅಭ್ಯಾಸ ಮಾಡುವವನನ್ನು ನಾವು ಇಂದು ಹವ್ಯಾಸಿಯೆಂದು ಕರೆಯುತ್ತೇವೆ. ಆ ಅರ್ಥದಲ್ಲಿ ನಮ್ಮ ನಾಡು ಕಂಡ ಹವ್ಯಾಸಿ ಮಲ್ಲರ ಸಾಲಿನಲ್ಲಿ ಈ ಅರಸನಿಗೆ ದೊಡ್ಡ ಸ್ಥಾನ ಸಲ್ಲಬೇಕು. ಅವನ ಬಾಳಿನ ಹಿರಿಮೆಯೂ ದುರಂತವೂ ಗರಡಿಯ ಬಾಗಿಲಿನಿಂದ ನೋಡಿದಾಗ ಬೇರೊಂದು ಬಗೆಯಲ್ಲಿ ಕಾಣುತ್ತವೆ.

ತುಳುವ ನರಸನಾಯಕನಿಗೂ ನಾಗಲಾದೇವಿಗೂ ಹುಟ್ಟಿದ ಕೃಷ್ಣರಾಯನು ಸಿಂಹಾಸನಕ್ಕೆ ಬಂದುದು 1509ರಲ್ಲಿ. ಆ ಬರುವಿಕೆಯ ಬಗ್ಗೆ ಫರ್ನಾವೊ ನೂನಿಜನೆಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿಯು, ಸುಮಾರು ಕಾಲು ಶತಮಾನದ ಅನಂತರ, ಜನರ ಬಾಯಿಂದ ಕೇಳಿದ ಕಥೆಯೊಂದನ್ನು ಬರೆದಿಟ್ಟಿದ್ದಾನೆ. ಅಣ್ಣ ವೀರನರಸಿಂಹನು ಮರಣಶಯ್ಯೆಯಲ್ಲಿದ್ದಾಗ, ತನ್ನ ಎಳೆಯ ಮಗನಿಗೆ ಪಟ್ಟವಾಗಬೇಕೆಂಬ ಆಸೆಯಿಂದ, ತಮ್ಮನ ಕಣ್ಣುಗಳನ್ನು ಕೀಳಿಸಿ ತನಗೆ ತೋರಿಸುವಂತೆ ಮಂತ್ರಿ ತಿಮ್ಮರಸನಿಗೆ ಆಜ್ಞಾಪಿಸಿದನಂತೆ. ಮಂತ್ರಿಯು ರಾಜಕುಮಾರನನ್ನು ಕುದುರೆಲಾಯಕ್ಕೆ ಕರೆದೊಯ್ದು ಸಂಗತಿಯನ್ನು ತಿಳಿಸಿದಾಗ ಅವನು, ತನಗೆ ರಾಜ್ಯದ ಬಯಕೆಯಿಲ್ಲ, ಜೋಗಿಯಾಗಿ ಹೊರಟುಹೋಗುವೆನೆಂದನಂತೆ. ಆಳಲು ಯೋಗ್ಯನಾದ ತರುಣನನ್ನು ಕುರುಡನನ್ನಾಗಿಸಲು ತಿಮ್ಮರಸನಿಗೆ ಮನಸ್ಸಾಗಲಿಲ್ಲ. ಆಡೊಂದರ ಕಣ್ಣುಗಳನ್ನು ತೆಗೆಯಿಸಿ ಅರಸನಿಗೆ ತೋರಿಸಿದನು; ಅರಸನು ನಂಬಿ ಕಣ್ಣು ಮುಚ್ಚಿದನು. ಈ ಕಥೆಯ ಅಕ್ಷರಅಕ್ಷರವೂ ನಿಜವೆಂದು ಇತಿಹಾಸಕಾರರು ಒಪ್ಪುವುದಿಲ್ಲ. ಆದರೂ ವಾಚಕರು ಇದನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಈ ಬಾಳಿನ ಕೊನೆಯಲ್ಲಿ ನಾವು ಮತ್ತೆ ಕಣ್ಣುಗಳ ಮಾತಿಗೇ ಬರಬೇಕಾಗುತ್ತದೆ.

ಅರಸನಾದ ಮೇಲೆ ಅವನ ದಿನಚರಿ ಹೇಗಿತ್ತೆಂಬುದನ್ನು 1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದಿದ್ದ ಡೊಮಿಂಗೊ ಪಾಯಸ್ ಎಂಬ ಇನ್ನೊಬ್ಬ ಪೋರ್ಚುಗೀಸನು ವಿವರಿಸಿದ್ದಾನೆ. ಅವನು ಕಂಡ ಕೃಷ್ಣದೇವರಾಯನು ಚಿತ್ರಗಳಲ್ಲಿ ನಾವು ಕಾಣುವ ಆಜಾನುಬಾಹುವಲ್ಲ. ಸಾಧಾರಣ ಎತ್ತರ, ತಿಳಿಯಾದ ಮೈಬಣ್ಣ, ತೆಳುವೆನ್ನುವುದಕ್ಕಿಂತ ತುಸು ಸ್ಥೂಲವೆನ್ನಬಹುದಾದ ದೇಹ, ಮುಖದಲ್ಲಿ ಸಿಡುಬಿನ ಕಲೆಗಳು. ಪ್ರಸನ್ನ ಸ್ವಭಾವದವನು, ನ್ಯಾಯಪರನು, ಹೊರನಾಡಿನವರನ್ನು ಆದರಿಸುವವನು. ಆದರೆ ಇದ್ದಕ್ಕಿದ್ದಂತೆ ಕೆರಳುವ ಕೋಪವುಳ್ಳವನು. ಬೆಳಕು ಹರಿಯುವ ಮುನ್ನ ಅವನು ಅರ್ಧ ಲೀಟರಿಗೆ ತುಸು ಕಡಿಮೆಯಾಗುವಷ್ಟು ಎಳ್ಳೆಣ್ಣೆ ಕುಡಿಯುತ್ತಿದ್ದನು. ಅದೇ ಎಣ್ಣೆಯನ್ನು ಮೈತುಂಬ ಬಳಿದುಕೊಂಡು, ಸೊಂಟಕ್ಕೊಂದು ಚಿಕ್ಕ ಬಟ್ಟೆ ಸುತ್ತಿಕೊಂಡು, ಮಣ್ಣಿನಿಂದ ಮಾಡಿದ ಭಾರವಾದ ತೂಕಗಳನ್ನು ತೋಳುಗಳಿಂದ ಎತ್ತುತ್ತಿದ್ದನು. ಆಮೇಲೆ ಖಡ್ಗ ಹಿಡಿದು, ಮೈಗೆ ಹಚ್ಚಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ವರಸೆಗಳನ್ನು ಸಾಧಿಸುತ್ತಿದ್ದನು. ಅದು ಮುಗಿದ ಮೇಲೆ ತನ್ನ ಜಟ್ಟಿಗಳಲ್ಲೊಬ್ಬನೊಡನೆ ಕುಸ್ತಿ. ಕುಸ್ತಿಯಾದ ಮೇಲೆ ಕುದುರೆಯನ್ನೇರಿ ಬಯಲಿನಲ್ಲಿ ಅತ್ತಿಂದಿತ್ತ ಓಟ. ಇಷ್ಟೆಲ್ಲ ಆಗುವಾಗ ಮೂಡಲು ಕೆಂಪೇರುತ್ತಿತ್ತು. ಅನಂತರ ಸ್ನಾನ, ಪೂಜೆ, ಒಡ್ಡೋಲಗ.

ಈ ಪಟ್ಟಿಯಲ್ಲಿ ಕುಸ್ತಿಯನ್ನು ಬಿಟ್ಟು ಉಳಿದುದೆಲ್ಲ ಒಂಟಿಯಾಗಿ ಮಾಡಬಹುದಾದುದು. ಕುಸ್ತಿಗೆ ಮಾತ್ರ ಎದುರಾಳಿ ಬೇಕು. ಗರಡಿಯನ್ನು ಬಲ್ಲವರಿಗೆ ಇದರ ಅರ್ಥ ತಿಳಿದಿದೆ. ಕೆಮ್ಮಣ್ಣಿನ ಅಂಕಣದಲ್ಲಿ ಇಳಿದವನ ಮೈಮೇಲೆ ಕಿರೀಟವಿರುವುದಿಲ್ಲ. ಎದುರಿಗಿದ್ದವನು ಸೇವಕನೇ ಆದರೂ ಅವನ ತೋಳು ಅರಸನ ಕತ್ತಿನ ಸುತ್ತ ಬೀಳಬೇಕು. ಅವನ ಪಟ್ಟಿಗೆ ಅರಸನ ಕಾಲು ಸಿಗಬೇಕು. ಆ ಜಟ್ಟಿಯು ಅರಸನಿಗೆ ಎಷ್ಟರಮಟ್ಟಿಗೆ ನಿಜವಾದ ಎದುರಾಳಿಯಾಗಿದ್ದನೋ ಹೇಳಬಂದವರಿಲ್ಲ. ಆದರೂ ತನ್ನನ್ನು ಮುಟ್ಟುವ ಹಕ್ಕನ್ನು ದಿನಕ್ಕೊಮ್ಮೆಯಾದರೂ ಇನ್ನೊಬ್ಬನಿಗೆ ಕೊಟ್ಟ ಚಕ್ರವರ್ತಿ ಇವನು. ಅವನ ಕಾಲದ ರಾಜಸಭೆಯಲ್ಲಿ ಇದು ಸಣ್ಣ ಮಾತಲ್ಲ.

ಇದರ ಎದುರಿಗೆ ಮಹಾನವಮಿಯ ಕಣವನ್ನಿಟ್ಟು ನೋಡಬೇಕು. ಹಂಪೆಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಮಲ್ಲರ ಚಿತ್ರಗಳನ್ನು ಇಂದಿಗೂ ಕಾಣಬಹುದು. ಹಬ್ಬದ ದಿನಗಳಲ್ಲಿ ಅರಸನ ಮುಂದೆ ನಡೆಯುತ್ತಿದ್ದ ಮಲ್ಲಕಾಳಗವು ತನ್ನ ದೇಶದ ಕುಸ್ತಿಯಂತಿರದೆ ಹೊಡೆದಾಟವಾಗಿತ್ತೆಂದು ಪಾಯಸನು ಹೇಳುತ್ತಾನೆ. ಬೀಳುತ್ತಿದ್ದ ಪೆಟ್ಟುಗಳಿಗೆ ಹಲ್ಲುಗಳು ಮುರಿಯುತ್ತಿದ್ದುವು, ಕಣ್ಣುಗಳು ಹೋಗುತ್ತಿದ್ದುವು, ಮುಖಗಳು ಗುರುತು ಸಿಗದಂತಾಗುತ್ತಿದ್ದುವು; ಮಾತು ನಿಂತುಹೋದವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರು. ಹೀಗಿದ್ದೂ ಅದು ಕಟ್ಟಳೆಯಿಲ್ಲದ ಕಾದಾಟವಾಗಿರಲಿಲ್ಲ. ಮಲ್ಲರಿಗೆ ನಾಯಕರಿದ್ದರು, ತೀರ್ಪುಗಾರರಿದ್ದರು. ಸಮಬಲರನ್ನು ಸಮಬಲರೆದುರಿಗೆ ನಿಲ್ಲಿಸುವುದೂ ಗೆದ್ದವನಿಗೆ ಸಲ್ಲುವ ಗೌರವವನ್ನು ನಿರ್ಣಯಿಸುವುದೂ ಅವರ ಹೊಣೆಯಾಗಿತ್ತು. ಕೃಷ್ಣದೇವರಾಯನ ಅನಂತರ ಅಚ್ಯುತರಾಯನ ಕಾಲದಲ್ಲಿ ಇಂಥ ಸಾವಿರ ಮಲ್ಲರಿದ್ದರೆಂದೂ, ಕೈಯಲ್ಲಿ ಮೊನೆಗಳುಳ್ಳ ಬಳೆಗಳನ್ನು ಹಿಡಿದು ಹೊಡೆಯುತ್ತಿದ್ದರೆಂದೂ, ಪ್ರತಿಫಲವಾಗಿ ರೇಷ್ಮೆಯ ವಸ್ತ್ರ ದೊರೆಯುತ್ತಿತ್ತೆಂದೂ ನೂನಿಜನು ಬರೆಯುತ್ತಾನೆ. ಕುಸ್ತಿಯಾಡುವ ಹೆಂಗಸರೂ ಅರಮನೆಯಲ್ಲಿದ್ದರಂತೆ. ಈ ಮೊನೆಬಳೆಯ ಕಾಳಗವೇ ವಜ್ರಮುಷ್ಟಿ. ದಸರೆಯೊಡನೆ ಅದು ಮೈಸೂರು ಅರಮನೆಗೆ ಹೋಗಿ, ವಿಜಯದಶಮಿಯಂದು ಮೊದಲ ರಕ್ತಬಿಂದು ಕಂಡೊಡನೆ ನಿಲ್ಲುವ ಜಟ್ಟಿಗಳ ಆಚರಣೆಯಾಗಿ ಉಳಿದುಕೊಂಡಿತು.

ಒಂದೇ ಅರಸನಲ್ಲಿ ಈ ಎರಡೂ ಇದ್ದುವು. ನಸುಕಿನಲ್ಲಿ ತಾನು ಹವ್ಯಾಸಿ; ಹಬ್ಬದ ಸಂಜೆ, ವಸ್ತ್ರವೊಂದಕ್ಕಾಗಿ ಹಲ್ಲು ಕಣ್ಣುಗಳನ್ನು ಪಣವಿಡುವ ವೃತ್ತಿಮಲ್ಲರ ಪ್ರೇಕ್ಷಕ. ಹವ್ಯಾಸಿ ಮುಷ್ಟಿಯುದ್ಧದ ಆಧುನಿಕ ಚರಿತ್ರೆಯನ್ನು ಓದಿದವರಿಗೆ, ಅದೆಲ್ಲವೂ ಈ ಎರಡು ಕಣಗಳ ನಡುವಣ ಅಂತರವನ್ನು ಅಳೆಯುವ ಪ್ರಯತ್ನವೆನಿಸದಿರದು. 1867ರಲ್ಲಿ ಇಂಗ್ಲೆಂಡಿನಲ್ಲಿ ಕ್ವೀನ್ಸ್‌ಬರಿಯವರ ಹೆಸರಿನ ನಿಯಮಗಳು ಮುಷ್ಟಿಗೆ ಕೈಗವಸು ತೊಡಿಸಿದುವು, ಕಾಳಗವನ್ನು ಮೂರು ನಿಮಿಷಗಳ ಸುತ್ತುಗಳಾಗಿ ವಿಂಗಡಿಸಿದುವು. 1880ರಲ್ಲಿ ಅಲ್ಲಿಯೇ ಹವ್ಯಾಸಿಗಳದೇ ಆದ ಸಂಘ ಹುಟ್ಟಿತು; 1904ರಲ್ಲಿ ಈ ಕ್ರೀಡೆ ಒಲಿಂಪಿಕ್ಸನ್ನು ಸೇರಿತು. 1984ರಲ್ಲಿ ಒಲಿಂಪಿಕ್ ಸ್ಪರ್ಧಿಗಳಿಗೆ ತಲೆಗಾಪು ಬಂದಿತು. 1988ರ ಸೋಲ್ ಕೂಟದಲ್ಲಿ ಅಮೆರಿಕದ ರಾಯ್ ಜೋನ್ಸ್‌ನಿಗೆ ಆದ ಅನ್ಯಾಯದ ತೀರ್ಪು ಜಗತ್ತನ್ನು ಕೆರಳಿಸಿದ ಮೇಲೆ, 1992ರಿಂದ ಐವರು ತೀರ್ಪುಗಾರರಲ್ಲಿ ಮೂವರು ಒಟ್ಟಿಗೆ ಗುಂಡಿಯೊತ್ತಿದರೆ ಮಾತ್ರ ಪೆಟ್ಟಿಗೆ ಅಂಕ ಸಿಗುವ ಯಂತ್ರವಿಧಾನ ಬಂದಿತು. 2013ರಲ್ಲಿ ಅದೂ ಹೋಗಿ, ಸುತ್ತು ಗೆದ್ದವನಿಗೆ ಹತ್ತು ಅಂಕಗಳನ್ನು ಕೊಡುವ ವೃತ್ತಿಕಣದ ಪದ್ಧತಿಯೇ ನೆಲೆಗೊಂಡಿತು. ಪುರುಷರ ತಲೆಗಾಪನ್ನೂ ತೆಗೆದರು. 2012ರಲ್ಲಿ ಮಹಿಳೆಯರಿಗೆ ಕಣ ತೆರೆದಾಗ ಮಣಿಪುರದ ಮೇರಿ ಕೋಮ್ ಕಂಚಿನ ಪದಕ ಪಡೆದರು. 2016ರಲ್ಲಿ ವೃತ್ತಿಮಲ್ಲರಿಗೂ ಒಲಿಂಪಿಕ್ಸಿನ ಬಾಗಿಲು ತೆರೆಯಿತು.

ಹೀಗೆ ಹವ್ಯಾಸಿ ಎಂಬ ಮಾತು ಹಳೆಯ ಅರ್ಥವನ್ನು ಬಹುಮಟ್ಟಿಗೆ ಕಳೆದುಕೊಂಡಿದೆ. 1972, 1976, 1980ರ ಮೂರು ಒಲಿಂಪಿಕ್ಸುಗಳಲ್ಲಿಯೂ ಚಿನ್ನ ಗೆದ್ದ ಕ್ಯೂಬಾದ ಟಿಯೋಫಿಲೊ ಸ್ಟೀವನ್‌ಸನ್, ಲಕ್ಷಾಂತರ ಡಾಲರುಗಳ ಆಮಿಷವನ್ನು ತಿರಸ್ಕರಿಸಿ ಹವ್ಯಾಸಿಯಾಗಿಯೇ ಉಳಿದನೆಂಬುದು ಇಂದಿನ ತರುಣರಿಗೆ ಕಟ್ಟುಕಥೆಯಂತೆ ತೋರಬಹುದು. ಆದರೆ ಒಂದು ಸಂಗತಿಯನ್ನು ಮರೆಯಲಾಗದು. ಹಣದ ಮಾತು ಬದಲಾದರೂ, ಎದುರಾಳಿಯ ಕಣ್ಣನ್ನೂ ತಲೆಯನ್ನೂ ಕಾಯಬೇಕೆಂಬ ವಿಚಾರ ಮಾತ್ರ ಈ ನೂರೈವತ್ತು ವರ್ಷಗಳಲ್ಲಿ ಬೆಳೆಯುತ್ತಲೇ ಬಂದಿದೆ. ಮಹಾನವಮಿಯ ತೀರ್ಪುಗಾರನು ಸಮಬಲರನ್ನು ಜೋಡಿಸುತ್ತಿದ್ದನು. ಇಂದಿನ ತೀರ್ಪುಗಾರನು ತತ್ತರಿಸುವವನ ಮುಂದೆ ಕೈಯಡ್ಡವಿಟ್ಟು ಕಾಳಗವನ್ನೇ ನಿಲ್ಲಿಸುತ್ತಾನೆ. ನಮ್ಮ ಅರಸನ ಮುಂದಣ ಬಾಳನ್ನು ಓದುವಾಗ, ಆ ಅಡ್ಡಗೈಯ ಬೆಲೆ ಏನೆಂಬುದು ತಿಳಿಯುತ್ತದೆ.

ಪಟ್ಟವೇರಿದ ಮೊದಲ ವರ್ಷಗಳಲ್ಲಿ ಉಮ್ಮತ್ತೂರಿನ ಪಾಳೆಯಗಾರನನ್ನು ಅಡಗಿಸಿ ಕೃಷ್ಣದೇವರಾಯನು ಪೂರ್ವದಿಕ್ಕಿಗೆ ತಿರುಗಿದನು. 1514ರಲ್ಲಿ ಉದಯಗಿರಿ, 1515ರಲ್ಲಿ ಕೊಂಡವೀಡು ಅವನ ವಶವಾದುವು. ಗಜಪತಿಯ ಮಗ ವೀರಭದ್ರನು ಸೆರೆಸಿಕ್ಕಿದನು. ಇಲ್ಲಿಯೂ ನೂನಿಜನ ಕಥೆಯೊಂದಿದೆ. ಗಜಪತಿಯ ಮಗನು ಕತ್ತಿವರಸೆಯಲ್ಲಿ ನಿಪುಣನೆಂದು ಕೇಳಿದ ಅರಸನು, ತನ್ನೆದುರಿಗೆ ಅದನ್ನು ತೋರಿಸೆಂದು ಹೇಳಿ, ತನ್ನ ಕಡೆಯ ನುರಿತ ಆಳೊಬ್ಬನನ್ನು ಎದುರಿಗೆ ನಿಲ್ಲಿಸಿದನಂತೆ. ಅರಸುಮಗನಲ್ಲದವನೊಡನೆ ಕೈಮಾಡುವುದು ತನಗೆ ಅವಮಾನವೆಂದು ಬಗೆದ ರಾಜಕುಮಾರನು ತನ್ನನ್ನು ತಾನೇ ಕೊಂದುಕೊಂಡನಂತೆ. ವೀರಭದ್ರನು 1516ರಲ್ಲಿ ಮಲೆಬೆನ್ನೂರು ಸೀಮೆಯನ್ನು ಆಳುತ್ತಿದ್ದನೆಂದು ಶಾಸನವೇ ಹೇಳುವುದರಿಂದ ವಿದ್ವಾಂಸರು ಈ ಕಥೆಯನ್ನು ಎಚ್ಚರದಿಂದ ನೋಡುತ್ತಾರೆ. ಕಥೆಯಲ್ಲಿ ಹುರುಳಿರಲಿ ಇಲ್ಲದಿರಲಿ, ಅದರ ಮರ್ಮ ಗಮನಾರ್ಹವಾಗಿದೆ. ದಿನವೂ ಜಟ್ಟಿಯೊಡನೆ ಮೈಗೆ ಮೈಕೊಟ್ಟು ಹೋರಾಡುವ ಅರಸನಿಗೆ ಇಲ್ಲಿ ಅವಮಾನವೇನೂ ಕಾಣಲಿಲ್ಲ. ಆದರೆ ತಾನಾಗಿ ಗರಡಿಗಿಳಿದವನೂ ಸೆರೆಯಾಳಾಗಿ ಕಣಕ್ಕಿಳಿಯಬೇಕಾದವನೂ ಒಂದೇ ಅಲ್ಲ. ಈ ಭೇದ ಗೆದ್ದವನಿಗೆ ಹೊಳೆಯಲಿಲ್ಲ.

1520ರ ಮೇ ತಿಂಗಳಲ್ಲಿ ರಾಯಚೂರಿನ ಯುದ್ಧ ನಡೆಯಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳೆಲ್ಲ ಸೇರಿರುವ, ಕೃಷ್ಣಾ ತುಂಗಭದ್ರೆಗಳ ನಡುವಣ ಈ ದೋಆಬು ಎರಡು ರಾಜ್ಯಗಳ ಕುಸ್ತಿಯ ಕಣವೇ ಆಗಿದ್ದಿತು. ಗೆದ್ದವರು ಯಾರಾದರೂ ತುಳಿತಕ್ಕೆ ಸಿಕ್ಕುತ್ತಿದ್ದುದು ಇಲ್ಲಿನ ಹೊಲಗಳು. ಆ ದಿನ ಆದಿಲಶಾಹಿಯ ಫಿರಂಗಿಗಳ ಮುಂದೆ ವಿಜಯನಗರದ ಮುಂದಣ ಸಾಲು ಒಡೆದು ಹಿಂಜರಿಯಿತು. ಆಗ ಕೃಷ್ಣದೇವರಾಯನು ಬೆರಳಿನ ಉಂಗುರವನ್ನು ತೆಗೆದು, ತಾನು ಮಡಿದರೆ ರಾಣಿಯರಿಗೆ ತೋರಿಸೆಂದು ಹುಡುಗನೊಬ್ಬನ ಕೈಗಿತ್ತು, ಕುದುರೆಯನ್ನು ಮುಂದಕ್ಕೆ ದೂಡಿದನೆಂದು ಹೇಳುತ್ತಾರೆ. ಅರಸನು ಮುನ್ನುಗ್ಗಿದುದನ್ನು ಕಂಡು ಸೇನೆ ಮರಳಿ ನಿಂತಿತು. ಯುದ್ಧದ ಮುಖ ತಿರುಗಿತು. ಇಷ್ಟು ವರ್ಷಗಳ ನಸುಕಿನ ಸಾಧನೆ ಫಲಿಸಿದ ಗಳಿಗೆ ಅದು. ಬಿದ್ದವನು ಮತ್ತೆ ಏಳುವುದನ್ನು ಕಲಿಸುವುದೇ ಗರಡಿಯ ಮೊದಲ ಪಾಠವಷ್ಟೆ.

ಗರಡಿಯ ಕೊನೆಯ ಪಾಠ ಬೇರೆ. ಗೆದ್ದವನು ಸೋತವನ ಕೈಹಿಡಿದು ಎಬ್ಬಿಸಬೇಕು. ಅರಸನು ಇದನ್ನು ಅಂದು ಮರೆತನು. ಕಳೆದುಕೊಂಡುದನ್ನು ಮರಳಿ ಕೇಳಲು ಆದಿಲಶಾಹಿಯ ರಾಯಭಾರಿ ಬಂದಾಗ, ಸುಲ್ತಾನನೇ ಬಂದು ತನ್ನ ಪಾದವನ್ನು ಚುಂಬಿಸಿದರೆ ಎಲ್ಲವನ್ನೂ ಕೊಡುವೆನೆಂದು ಕರಾರು ಹಾಕಿದನು. ಅದಕ್ಕಾಗಿ ಕುಷ್ಟಗಿಗೆ ದೂರವಲ್ಲದ ಮುದಗಲ್ಲಿಗೆ ಹೋಗಿ ಕಾದನು. ಸುಲ್ತಾನನು ಬರದಿರಲು ಬಿಜಾಪುರದವರೆಗೂ ನಡೆದನು. ರಾಯಚೂರಿನ ಜಯ ದೊಡ್ಡದು. ಆ ಕರಾರು ಬಿತ್ತಿದ ಕಹಿಯೂ ಸಣ್ಣದಲ್ಲ. 1565ರಲ್ಲಿ ವಿಜಯನಗರ ಹಾಳಾದುದಕ್ಕೆ ಹಲವು ಕಾರಣಗಳಿವೆ. ಗೆದ್ದವರ ಅಹಂಕಾರವನ್ನು ಅವುಗಳಲ್ಲೊಂದೆಂದು ಎಣಿಸಿದ ಇತಿಹಾಸಕಾರರಿದ್ದಾರೆ.

ಇನ್ನು ಕಣ್ಣುಗಳ ಮಾತು. ತಿರುಮಲದೇವಿಯಲ್ಲಿ ಹುಟ್ಟಿದ ಮಗ ತಿರುಮಲನಿಗೆ, ಅವನು ಇನ್ನೂ ಆರು ವರ್ಷದ ಬಾಲಕನಾಗಿದ್ದಾಗಲೇ, ಅರಸನು ಪಟ್ಟಗಟ್ಟಿದನು. 1524ರ ಶಾಸನಗಳಲ್ಲಿ ಆ ಹಸುಳೆಯ ಹೆಸರು ಕಾಣಿಸಿಕೊಂಡು ಬೇಗನೆ ಮರೆಯಾಗುತ್ತದೆ. ಮಗು ಕಾಯಿಲೆಯಿಂದ ತೀರಿಕೊಂಡಿತು. ತಿಮ್ಮರಸನ ಮಗನೇ ವಿಷವಿಟ್ಟನೆಂಬ ಮಾತು ಅರಸನ ಕಿವಿಗೆ ಬಿದ್ದಿತು. ಅದು ನಿಜವೆಂದು ತೋರಿಸುವ ಆಧಾರ ಇಂದಿನವರೆಗೂ ದೊರೆತಿಲ್ಲ. ಆದರೆ ಪಾಯಸನು ಕಂಡಿದ್ದ ಆ ಹಠಾತ್ತಾದ ಕೋಪ, ಪುತ್ರಶೋಕದೊಡನೆ ಸೇರಿಕೊಂಡಿತು. ತಂದೆಯ ಸ್ಥಾನದಲ್ಲಿ ನಿಂತು ರಾಜ್ಯವನ್ನು ನಡೆಸಿಕೊಟ್ಟಿದ್ದ ಮುದಿಮಂತ್ರಿ ಕುಟುಂಬದೊಡನೆ ಸೆರೆಮನೆಗೆ ಹೋದನು. ಮೂರು ವರ್ಷಗಳ ಅನಂತರ ಮಗನೊಬ್ಬನು ಸೆರೆಯಿಂದ ತಪ್ಪಿಸಿಕೊಂಡು ದಂಗೆಯೆದ್ದು ಸಿಕ್ಕಿಬಿದ್ದಾಗ, ಅರಸನು ತಂದೆಮಕ್ಕಳ ಕಣ್ಣುಗಳನ್ನು ಕೀಳಿಸಿದನೆಂದು ನೂನಿಜನು ಬರೆಯುತ್ತಾನೆ. ಹಿಂದೊಮ್ಮೆ ಆಡಿನ ಕಣ್ಣುಗಳನ್ನು ತೋರಿಸಿ ಒಬ್ಬ ತರುಣನ ಬೆಳಕನ್ನು ಉಳಿಸಿದ್ದವನಿಗೆ ಆ ತರುಣನಿಂದಲೇ ಸಂದ ಪ್ರತಿಫಲ ಇದು.

ಈ ಕಥೆಯನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ಹುಡುಗರು ಮೌನವಾಗುತ್ತಾರೆ. ಒಮ್ಮೆ ಒಬ್ಬನು ಮಾತ್ರ ಎದ್ದುನಿಂತು, ಅಷ್ಟೊಂದು ಸಾಧನೆ ಮಾಡಿದವನಿಗೆ ಸಿಟ್ಟನ್ನು ಹಿಡಿಯಲು ಏಕೆ ಆಗಲಿಲ್ಲವೆಂದು ಕೇಳಿದನು. ಆಗ ತಕ್ಕ ಉತ್ತರ ನಮಗೆ ಹೊಳೆಯಲಿಲ್ಲ. ಈಗ ತೋರುವುದಿಷ್ಟು. ತೂಕವನ್ನೆತ್ತುವುದರಿಂದ ತೋಳು ಬಲಿಯುತ್ತದೆ. ಸಿಟ್ಟು ಹಿಡಿತಕ್ಕೆ ಬರುವುದು, ಸಾಕು ನಿಲ್ಲಿಸೆಂದು ಹೇಳುವ ಇನ್ನೊಬ್ಬನ ಮಾತಿಗೆ ತಲೆಬಾಗುವ ಅಭ್ಯಾಸದಿಂದ. ಗರಡಿಯಲ್ಲಿ ಆ ಮಾತನ್ನು ಹೇಳಲು ಉಸ್ತಾದನಿರುತ್ತಾನೆ, ಕಣದಲ್ಲಿ ತೀರ್ಪುಗಾರನಿರುತ್ತಾನೆ. ಅರಸನ ಪಾಲಿಗೆ ಹಾಗೆ ಹೇಳಬಲ್ಲವನು ತಿಮ್ಮರಸನೊಬ್ಬನೇ ಇದ್ದನು. ಅರಸನು ಸೆರೆಗೆ ನೂಕಿದುದು ಅವನನ್ನೇ.

ಆ ಬಳಿಕ ಅರಸನು ಬಹುಕಾಲ ಬದುಕಲಿಲ್ಲ. ಬೆಳಗಾವಿಯ ಮೇಲೆ ದಂಡೆತ್ತಿ ಹೋಗುವ ಸಿದ್ಧತೆಯಲ್ಲಿದ್ದಾಗ ಕಾಯಿಲೆ ಬಿದ್ದನು. ತುಮಕೂರು ಜಿಲ್ಲೆಯ ಹೊನ್ನೇನಹಳ್ಳಿಯ ಶಾಸನವು ಅವನ ಮರಣದ ದಿನವನ್ನು 1529ರ ಅಕ್ಟೋಬರ್ 17ಕ್ಕೆ ಸರಿಹೊಂದುವಂತೆ ದಾಖಲಿಸಿದೆ. ಅವನ ಗುರುಸಮಾನರಾಗಿದ್ದ ವ್ಯಾಸರಾಯರು ಇನ್ನೂ ಹತ್ತು ವರ್ಷ ಬಾಳಿ, ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಾದ ನವಬೃಂದಾವನದಲ್ಲಿ ನೆಲೆಗೊಂಡಿದ್ದಾರೆ. ಊರೂರಿಗೆ ಹನುಮನ ವಿಗ್ರಹಗಳನ್ನು ಪ್ರತಿಷ್ಠಾಪಿಸಿದವರೆಂದು ಅವರ ಖ್ಯಾತಿ. ಗರಡಿಮನೆಯ ದೇವರೂ ಆ ಹನುಮನೇ. ಬಲದಲ್ಲಿ ಅವನಿಗೆ ಸಾಟಿಯಿಲ್ಲ. ಆದರೆ ನಮ್ಮ ಜನ ಅವನನ್ನು ಪೂಜಿಸುವುದು ಕೈಮುಗಿದು ನಿಂತ ದಾಸನ ರೂಪದಲ್ಲಿ.

ನಮ್ಮ ಕಡೆಯ ಊರುಗಳಲ್ಲಿ ಹಳೆಯ ಗರಡಿಮನೆಗಳು ಇನ್ನೂ ಅಲ್ಲಲ್ಲಿ ನಿಂತಿವೆ. ಒಳಗೆ ಹೋಗಲು ತಲೆಬಗ್ಗಿಸಬೇಕಾಗುವಷ್ಟು ಗಿಡ್ಡವಾದ ಬಾಗಿಲು ಅವುಗಳ ಲಕ್ಷಣ. ಹುಡುಗರು ಒಳಗೆ ಕಾಲಿಡುವಾಗ ಕೆಮ್ಮಣ್ಣನ್ನು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಾರೆ. ಕುಸ್ತಿ ಮುಗಿದ ಮೇಲೆ ಎದುರಾಳಿಯ ಮೈಗಂಟಿದ ಮಣ್ಣನ್ನು ತಟ್ಟಿ ಒರೆಸುತ್ತಾರೆ. ಕೈಗವಸು ತೊಟ್ಟು ಬೇರೆ ಕಣಕ್ಕಿಳಿಯುವ ಇಂದಿನ ಹುಡುಗ ಹುಡುಗಿಯರು ಸಹ, ಗಂಟೆ ಬಾರಿಸಿದ ಮೇಲೆ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುವುದನ್ನು ನೋಡುತ್ತೇವೆ. ನಿಯಮಗಳು ಇನ್ನೂ ಎಷ್ಟೋ ಬಾರಿ ಬದಲಾಗಬಹುದು, ಹಣ ಬರಬಹುದು, ಹೋಗಬಹುದು. ಈ ಎರಡು ಪದ್ಧತಿಗಳು ಉಳಿದಿರುವವರೆಗೆ ಮಲ್ಲವಿದ್ಯೆಯು ವಿದ್ಯೆಯಾಗಿಯೇ ಉಳಿಯುತ್ತದೆ. ಚಕ್ರವರ್ತಿಯೊಬ್ಬನು ದಿನವೂ ನಸುಕಿನಲ್ಲಿ ಕಲಿತು, ಹಗಲಿನಲ್ಲಿ ಮರೆತ ಪಾಠ ಅದೇ.